ಗ್ರಂಥಾಲಯದಲ್ಲಿ ಈ ವಾರ

2022ರ ಮಾರ್ಚ್ 9ರಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಗ್ರಂಥಪಾಲಕರ ಕಚೇರಿಯ ಹೊರಗೆ, ನೆಲದ ಮೇಲೆ ಕಡು ಗುಲಾಬಿ ಬಣ್ಣದ ಉಡುಗೊರೆ ಚೀಲವೊಂದು ಕಾಣಿಸಿತು. ಒಳಗೆ ಒಂದು ಪೆಟ್ಟಿಗೆ, ಜೊತೆಗೊಂದು ಕಂದು ಲಕೋಟೆ. ಲಕೋಟೆಯ ಮೇಲೆ ಗ್ರಂಥಪಾಲಕರಿಗೆ ಈಸ್ಟರ್ ಶುಭಾಶಯ, ಕೊನೆಯಲ್ಲಿ ಮುತ್ತಿನ, ಅಂದರೆ ಚುಂಬನದ, X ಗುರುತು. ಪೆಟ್ಟಿಗೆಯಲ್ಲಿದ್ದದ್ದು ಚಾರ್ಲ್ಸ್ ಡಾರ್ವಿನ್ನನ ಎರಡು ಕಿರು ಟಿಪ್ಪಣಿ ಪುಸ್ತಕಗಳು. 1837ರಲ್ಲಿ ಆತ ಗೀಚಿದ ಜೀವವೃಕ್ಷದ ಪ್ರಸಿದ್ಧ ಚಿತ್ರ ಇರುವುದು ಅವುಗಳಲ್ಲೊಂದರಲ್ಲಿ. 2000ದಲ್ಲಿ ಛಾಯಾಚಿತ್ರ ತೆಗೆಯಲೆಂದು ಭದ್ರಕೋಣೆಯಿಂದ ಹೊರಬಂದಿದ್ದ ಅವು 2001ರ ತಪಾಸಣೆಯ ಹೊತ್ತಿಗೆ ಕಾಣೆಯಾಗಿದ್ದವು. ಎಲ್ಲೋ ತಪ್ಪು ಜಾಗದಲ್ಲಿ ಸೇರಿರಬೇಕೆಂದು ಸಿಬ್ಬಂದಿ ವರ್ಷಗಟ್ಟಲೆ ಹುಡುಕಿದರು. 2020ರ ನವೆಂಬರ್‌ನಲ್ಲಿ, ಇವು ಕಳುವಾಗಿರಬೇಕು ಎಂದು ಲೋಕಕ್ಕೆ ಸಾರಿ ಜನರ ನೆರವು ಕೇಳಿದರು. ಮುಂದಿನದು ಗುಲಾಬಿ ಚೀಲ. ತಂದಿಟ್ಟವರು ಹೆಸರು ಬಿಟ್ಟುಹೋಗಿರಲಿಲ್ಲ.

ನಾನು ಕಾಲೇಜು ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಈ ಸುದ್ದಿ ಬಂದ ದಿನ ಅದನ್ನು ನಮ್ಮ ಸೂಚನಾ ಫಲಕಕ್ಕೆ ಬರೆದು ಹಾಕಿದೆ. ಫಲಕದ ಮುಂದೆ ನಿಂತವರಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗಿಂತ ವಾಣಿಜ್ಯದವರೇ ಹೆಚ್ಚಿದ್ದರು. ಕಳ್ಳ ಯಾರಿರಬಹುದು, ಮುತ್ತಿನ ಗುರುತು ಏಕೆ ಹಾಕಿದ, ಇಷ್ಟು ವರ್ಷ ಎಲ್ಲಿಟ್ಟಿದ್ದ ಎಂದು ಅವರು ವಾದಕ್ಕಿಳಿದರು. ಒಬ್ಬಾಕೆ ಕೌಂಟರಿಗೆ ಬಂದು, "ಮೇಡಂ, ಆ ಚಿತ್ರದಲ್ಲಿ ಏನಿದೆ ತೋರಿಸುತ್ತೀರಾ?" ಎಂದು ಕೇಳಿದಳು. ಕಡ್ಡಿಗಳಂತೆ ಕವಲೊಡೆದ ಆ ನಾಲ್ಕು ಗೆರೆಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ನೋಡಿ ಅವಳ ಮುಖ ಅರಳಿತು. ಜಗತ್ತನ್ನು ಬದಲಿಸಿದ ಆಲೋಚನೆಯೊಂದು ಮೊದಲು ಇಷ್ಟು ಒರಟಾಗಿ ಕಾಣುತ್ತಿತ್ತೇ ಎಂಬ ಬೆರಗು ಅದು. ಜೀವವಿಕಾಸದ ಕುರಿತು ಎಷ್ಟೋ ಪುಸ್ತಕಗಳು ಅದೇ ಕೋಣೆಯಲ್ಲಿ ಅವಳಿಗಾಗಿ ಕಾದಿದ್ದವು. ಅವುಗಳ ದಾರಿ ತೋರಿಸಿದ್ದು ಗುಲಾಬಿ ಚೀಲ.

ಗ್ರಂಥಾಲಯದ ಸುದ್ದಿ ಎಂದರೆ ಸಾಮಾನ್ಯವಾಗಿ ಏನಿರುತ್ತದೆ? ಹೊಸದಾಗಿ ಬಂದ ಪುಸ್ತಕಗಳ ಪಟ್ಟಿ, ಮುಚ್ಚಿರುವ ದಿನಗಳು, ಬಾಕಿದಾರರ ಪಟ್ಟಿ, ನೋ ಡ್ಯೂ ಪ್ರಮಾಣಪತ್ರಕ್ಕೆ ಕೊನೆಯ ದಿನಾಂಕ. ಮಾತನಾಡಬೇಡಿ, ಚೀಲ ಒಳಗೆ ತರಬೇಡಿ, ಪುಟ ಮಡಿಸಬೇಡಿ. ಇವೆಲ್ಲ ಬೇಕಾದವೇ. ಆದರೆ ಹದಿನೆಂಟರ ವಯಸ್ಸಿನ ಹುಡುಗನೊಬ್ಬ ಮೊದಲ ಬಾರಿಗೆ ಇಷ್ಟೊಂದು ಪುಸ್ತಕಗಳಿರುವ ಕಟ್ಟಡದ ಬಾಗಿಲಿಗೆ ಬಂದಾಗ ಅವನನ್ನು ಎದುರುಗೊಳ್ಳುವುದು ಇಂಥ "ಬೇಡಿ"ಗಳ ಸಾಲೊಂದೇ ಆದರೆ, ಈ ಜಾಗ ತನ್ನದಲ್ಲ ಎಂದು ಅವನು ತೀರ್ಮಾನಿಸಿಬಿಡುತ್ತಾನೆ. ಆ ತೀರ್ಮಾನ ಮಾಡಿಕೊಂಡು ಓದುವ ಕೊಠಡಿಯ ಬಾಗಿಲಿನಿಂದಲೇ ಹಿಂದಿರುಗಿದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಪಠ್ಯಪುಸ್ತಕದ ಹೊರತು ಬೇರೆ ಪುಸ್ತಕ ಕಾಣದೆ ಬಂದವರು. ಗ್ರಂಥಾಲಯ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಅವರಿಗೇ. ಆದ್ದರಿಂದಲೇ ವಾರದ ಹಾಳೆ ಬರೆಯುವ ಕೆಲಸ ನನ್ನ ಕೆಲಸಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯ. "ಗ್ರಂಥಾಲಯದಲ್ಲಿ ಈ ವಾರ" ಎಂಬುದು ಅದರ ತಲೆಬರಹ. ಒಂದೇ ಪುಟ. ಬಾಗಿಲಿನ ಎಡಗಡೆ, ಕಣ್ಣಿನ ಮಟ್ಟಕ್ಕೆ ಅಂಟಿಸುತ್ತೇನೆ.

ಆ ಹಾಳೆಯಲ್ಲಿ ಎಲ್ಲರೂ ಮೊದಲು ಹುಡುಕುವ ಅಂಕಣ "ಪುಸ್ತಕದೊಳಗೆ ಸಿಕ್ಕಿದ್ದು". ಹಿಂದಿರುಗಿ ಬಂದ ಪ್ರತಿ ಪುಸ್ತಕವನ್ನೂ ಕಪಾಟಿಗೆ ಕಳುಹಿಸುವ ಮುನ್ನ ಒಮ್ಮೆ ಪುಟ ಹಾರಿಸಿ ನೋಡುವುದು ನಮ್ಮ ಕೌಂಟರಿನ ರೂಢಿ. ಬಸ್ ಟಿಕೆಟ್, ಕೂದಲಿನ ಪಿನ್ನು, ಹಕ್ಕಿಯ ಗರಿ, ಪರೀಕ್ಷೆಯ ಪ್ರವೇಶ ಪತ್ರ, ಅರ್ಧ ಬಿಡಿಸಿದ ಗಣಿತದ ಲೆಕ್ಕ, ಯಾರೋ ಬೇಸರದ ತರಗತಿಯಲ್ಲಿ ಬಿಡಿಸಿದ ಉಪನ್ಯಾಸಕರ ರೇಖಾಚಿತ್ರ ಹೀಗೆ ಏನೇನೋ ಸಿಗುತ್ತವೆ. ಪುಟದ ಗುರುತಿಗೆ ಜನ ಬಳಸುವ ವಸ್ತುಗಳನ್ನು ನೋಡಿದರೆ ಅವರು ಎಲ್ಲಿ ಕುಳಿತು ಓದುತ್ತಿದ್ದರು, ಯಾವುದಕ್ಕಾಗಿ ಓದು ನಿಲ್ಲಿಸಿ ಎದ್ದರು ಎಂಬುದೆಲ್ಲ ಊಹೆಗೆ ಬರುತ್ತದೆ. ಬಸ್ ಟಿಕೆಟ್ ಇದ್ದದ್ದು ಅರ್ಥಶಾಸ್ತ್ರದ ದಪ್ಪ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಎಂದು ಬರೆದರೆ, ಬಸ್ಸಿನಲ್ಲಿ ಕುಲುಕಾಡುತ್ತ ಅಷ್ಟು ದೂರ ಓದಿದ ಆ ಅಪರಿಚಿತನ ಮೇಲೆ ಇಡೀ ಕಾಲೇಜಿಗೆ ಗೌರವ ಮೂಡುತ್ತದೆ.

ಒಮ್ಮೆ ಕಾವ್ಯದ ಪುಸ್ತಕವೊಂದರಲ್ಲಿ ಒಣಗಿದ ಎಲೆ ಸಿಕ್ಕಿತು. ಅದನ್ನು ಹಾಳೆಗೆ ಅಂಟಿಸಿ, "ಇದು ಯಾವ ಗಿಡದ್ದು?" ಎಂದಷ್ಟೇ ಬರೆದು ಕೆಳಗೆ ಜಾಗ ಬಿಟ್ಟೆ. ಮಧ್ಯಾಹ್ನದೊಳಗೆ ಯಾರೋ ಒಂದು ಹೆಸರು ಬರೆದರು. ಮರುದಿನ ಅದರ ಕೆಳಗೆ ಮತ್ತೊಂದು ಕೈಬರಹ: ಎಲೆಯ ನರಗಳ ಜೋಡಣೆ ನೋಡಿ, ಅದು ಈ ಕುಟುಂಬದ್ದೇ ಅಲ್ಲ. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, ಇಬ್ಬರ ಮಾತಿಗೂ ಅರ್ಧರ್ಧ ಒಪ್ಪಿಗೆ ಸೂಚಿಸಿ ಸಹಿ ಹಾಕಿ ಹೋದರು. ಕೊನೆಗೆ ಜಗಳ ಎಷ್ಟು ಬೆಳೆಯಿತೆಂದರೆ ಎಲೆಯ ಪಕ್ಕದಲ್ಲಿ ಬೇರೆ ಎಲೆಗಳು ಬಂದು ಅಂಟಿಕೊಂಡವು, ಸಸ್ಯಗಳನ್ನು ಗುರುತಿಸುವ ಕೈಪಿಡಿ ರೆಫರೆನ್ಸ್ ವಿಭಾಗದಿಂದ ಫಲಕದ ಬಳಿಗೆ ದಿನಕ್ಕೆ ಹಲವು ಬಾರಿ ಓಡಾಡಿತು. ಎಲೆಯ ಹೆಸರು ಇಂದಿಗೂ ಇತ್ಯರ್ಥವಾಗಿಲ್ಲ. ಕಾವ್ಯದ ಪುಸ್ತಕದಲ್ಲಿ ಅದನ್ನಿಟ್ಟವರು ಯಾರೆಂಬುದು ಕೂಡ.

ಈ ಅಂಕಣಕ್ಕೆ ನಾವು ಹಾಕಿಕೊಂಡ ಕಟ್ಟುಪಾಡು ಬಿಗಿಯಾಗಿದೆ. ಪತ್ರ ಸಿಕ್ಕರೆ ಓದುವುದಿಲ್ಲ, ಫಲಕಕ್ಕೆ ಹಾಕುವುದೂ ಇಲ್ಲ. ಲಕೋಟೆಗೆ ಸೇರಿಸಿ, ಪುಸ್ತಕದ ವಿಷಯವನ್ನಷ್ಟೇ ಮೇಲೆ ಬರೆದು, ಕೌಂಟರಿನಲ್ಲಿ ಇಡುತ್ತೇವೆ. ಫೋಟೋ ಸಿಕ್ಕರೂ ಹಾಗೆಯೇ. ಯಾರು ಯಾವ ಪುಸ್ತಕ ಒಯ್ದರು ಎಂಬುದು ಓದುಗ ಮತ್ತು ಗ್ರಂಥಾಲಯದ ನಡುವಿನ ಮಾತು. ಅದು ತಮಾಷೆಯ ವಸ್ತುವಾದ ದಿನ ಓದುಗರು ತಮಗೆ ನಿಜವಾಗಿ ಬೇಕಾದ ಪುಸ್ತಕ ಕೇಳುವುದನ್ನು ನಿಲ್ಲಿಸುತ್ತಾರೆ. ಖಿನ್ನತೆಯ ಬಗ್ಗೆ, ದೇಹದ ಬಗ್ಗೆ, ಸಾಲದ ಬಗ್ಗೆ, ಪ್ರೀತಿಯ ಬಗ್ಗೆ ಓದಲು ಬರುವವರು ನಾಚಿಕೆಯಿಂದ ಪುಸ್ತಕವನ್ನು ತಿರುಗಿಸಿ ಹಿಡಿದುಕೊಂಡಿರುತ್ತಾರೆ. ಅವರ ಮುಂದೆ ನಾವು ನಗುವಂತಿಲ್ಲ.

ಇನ್ನೊಂದು ಅಂಕಣಕ್ಕೆ ವಿದ್ಯಾರ್ಥಿಗಳೇ ಸರಕು ಒದಗಿಸುತ್ತಾರೆ. "ಸರ್ ತರಗತಿಗೆ ತರುತ್ತಾರಲ್ಲ, ನೀಲಿ ಬಣ್ಣದ್ದು, ಮೇಲೆ ಒಂದು ಸೇತುವೆ ಇದೆ, ಅದು ಬೇಕು." ಕೌಂಟರಿನ ಹಿಂದೆ ಕುಳಿತ ಯಾರಿಗೂ ಈ ಬಗೆಯ ಬೇಡಿಕೆ ಹೊಸದಲ್ಲ. ಗಣಕದ ಸೂಚಿಯಲ್ಲಿ ಲೇಖಕ, ಶೀರ್ಷಿಕೆ, ವಿಷಯ ಎಂದು ಹುಡುಕಬಹುದು. ಬಣ್ಣ ಮತ್ತು ಸೇತುವೆ ಎಂದು ಹುಡುಕಲು ಬರುವುದಿಲ್ಲ. ಅಲ್ಲಿಗೆ ನಮ್ಮ ಹಿರಿಯ ಅಟೆಂಡರ್ ಬೇಕು. ಅವರು ಎದ್ದು, ಯಾವ ಸರ್ ಎಂದು ಕೇಳಿ, ಒಂದು ಕ್ಷಣ ಛಾವಣಿ ನೋಡಿ, ನೇರವಾಗಿ ಕಟ್ಟಡ ನಿರ್ಮಾಣದ ಸಾಲಿಗೆ ನಡೆಯುತ್ತಾರೆ. ಪುಸ್ತಕ ನೀಲಿಯಾಗಿರುವುದಿಲ್ಲ, ಹಸಿರಾಗಿರುತ್ತದೆ. ಸೇತುವೆಯ ಜಾಗದಲ್ಲಿ ಅಣೆಕಟ್ಟು ಇರುತ್ತದೆ. ಆದರೆ ಅದೇ ಪುಸ್ತಕ. ನಾನು ಇಂಥ ಬೇಡಿಕೆಯನ್ನು, ಕೇಳಿದವರ ಗುರುತು ಬಿಟ್ಟು, ಒಗಟಿನಂತೆ ಹಾಳೆಯಲ್ಲಿ ಹಾಕುತ್ತೇನೆ. ಕಾಲೇಜಿನ ಇತರರೂ ಹುಡುಕಲು ಹೊರಡುತ್ತಾರೆ. ಹುಡುಕಲು ಹೋದದ್ದು ಸಿಗದೆ ಬೇರೆಯದನ್ನು ಕೈಯಲ್ಲಿ ಹಿಡಿದು ಬರುವವರೇ ಹೆಚ್ಚು. ತೆರೆದ ಕಪಾಟಿನ ದೊಡ್ಡ ಸುಖ ಅದು. ಹುಡುಕುವ ಬಳ್ಳಿ ಕಾಲಿಗೆ ತೊಡರುವುದಷ್ಟೇ ಅಲ್ಲ, ಹುಡುಕದ ಬಳ್ಳಿಯೂ ತೊಡರುತ್ತದೆ.

ಗೋಡೆಯೊಂದಿಗೆ ಮಾತನಾಡುವ ಕಾಲೇಜು ಕೂಡ ಇದೆ. ಅಮೆರಿಕದ ಬಾಸ್ಟನ್ ಕಾಲೇಜಿನ ಓನೀಲ್ ಗ್ರಂಥಾಲಯದಲ್ಲಿ ಒಂದು "ಉತ್ತರಿಸುವ ಗೋಡೆ" ಇದೆ. ಯಾರು ಬೇಕಾದರೂ ಹೆಸರಿಲ್ಲದೆ ಪ್ರಶ್ನೆ ಅಂಟಿಸಬಹುದು. ಗೋಡೆಯೇ ಉತ್ತರ ಕೊಡುತ್ತದೆ, ಅದೂ ಗೋಡೆಯ ದನಿಯಲ್ಲೇ. ಬರೆಯುವ ಕೈ ಗ್ರಂಥಾಲಯದ ಸಿಬ್ಬಂದಿಯದೆಂದು ಓದುವವರಿಗೆ ಗೊತ್ತು. ಆದರೂ ಅವರು ಗೋಡೆಯನ್ನು ಉದ್ದೇಶಿಸಿಯೇ ಬರೆಯುತ್ತಾರೆ. ಪ್ರಶ್ನೆಗಳಲ್ಲಿ ಕೀಟಲೆಯಿರುತ್ತದೆ, ಒಂಟಿತನವಿರುತ್ತದೆ, ಪರೀಕ್ಷೆಯ ಭಯವಿರುತ್ತದೆ. ಉತ್ತರಗಳು ಬಹಳ ಸಲ ಒಂದು ಪುಸ್ತಕದ ಕಡೆಗೆ ಬೆರಳು ತೋರುತ್ತವೆ. ನೋವಿನ ಪ್ರಶ್ನೆ ಬಂದಾಗ ನೆರವು ಎಲ್ಲಿ ಸಿಗುತ್ತದೆಂದು ಹೇಳುತ್ತವೆ.

ಇದನ್ನು ನಾನು ಇತ್ತೀಚಿನ ಗ್ರಂಥಾಲಯಗಳಲ್ಲಿ ಕಂಡ ಅತ್ಯುತ್ತಮ ಆಟ ಎನ್ನುತ್ತೇನೆ. ಕಾರಣ ಇಷ್ಟೇ. ಗ್ರಂಥಾಲಯದ ಮೂಲ ಕೆಲಸಗಳಲ್ಲಿ ಒಂದು, ಕೇಳಿದ ಪ್ರಶ್ನೆಗೆ ಉತ್ತರದ ದಾರಿ ತೋರುವುದು. ರೆಫರೆನ್ಸ್ ಮೇಜಿನ ಮುಂದೆ ಬಂದು ಕೇಳಲು ಅನೇಕರಿಗೆ ಸಂಕೋಚ. ತನ್ನ ಪ್ರಶ್ನೆ ತೀರ ಸಣ್ಣದು, ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಹಿಂಜರಿಯುತ್ತಾರೆ. ಗೋಡೆ ಏನನ್ನೂ ಅಂದುಕೊಳ್ಳುವುದಿಲ್ಲ. ಅಲ್ಲಿ ನಡೆಯುತ್ತಿರುವುದು ಅದೇ ಹಳೆಯ ರೆಫರೆನ್ಸ್ ಸೇವೆ, ತೊಟ್ಟ ಉಡುಪು ಮಾತ್ರ ಆಟದ್ದು. ಆಟವೆಂಬುದು ಹೀಗೆ ಗ್ರಂಥಾಲಯದ ಕೆಲಸದೊಳಗಿನಿಂದಲೇ ಹುಟ್ಟಿದಾಗ ಅದಕ್ಕೆ ಆಯುಷ್ಯವಿರುತ್ತದೆ. ಹೊರಗಿನಿಂದ ತಂದು ಅಂಟಿಸಿದ್ದು, ಬಲೂನು ಕಟ್ಟಿದ ಫೋಟೋ ಚೌಕಟ್ಟು, ಬಹುಮಾನದ ಚೀಟಿ ಎತ್ತುವುದು, ಇವು ಒಂದು ದಿನ ಗದ್ದಲ ಮಾಡಿ ಹೋಗುತ್ತವೆ. ಬಂದವರು ಕಪಾಟಿನತ್ತ ತಿರುಗಿಯೂ ನೋಡಿರುವುದಿಲ್ಲ. ಅಂಥ ದಿನಗಳ ಸಂಖ್ಯೆಯನ್ನು ವರದಿಯಲ್ಲಿ ತೋರಿಸಲು ಉತ್ಸಾಹ ಪಡುವವರಿದ್ದಾರೆ. ನಾನು ಅವರ ಜೊತೆಗಿಲ್ಲ.

ಕೆಲಸದೊಳಗೇ ಆಟ ಅಡಗಿರುವುದಕ್ಕೆ ಎಸ್. ಆರ್. ರಂಗನಾಥನ್ ಅವರಿಗಿಂತ ದೊಡ್ಡ ಸಾಕ್ಷಿ ಬೇಕೆ? ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆರಂಭದಲ್ಲಿ ಆ ನಿಶ್ಶಬ್ದ, ಆ ಏಕಾಂತ ಅವರಿಗೆ ಸಹಿಸಲಾಗದೆ ಅಧ್ಯಾಪಕ ವೃತ್ತಿಗೆ ಮರಳಲು ಬಯಸಿದ್ದರು. ಅಧ್ಯಯನಕ್ಕೆಂದು ಲಂಡನ್ನಿಗೆ ಹೋದಾಗ ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆಯ ಪ್ರದರ್ಶನ ಕಂಡರು. ಅವೇ ಲೋಹದ ಪಟ್ಟಿಗಳು, ಅವೇ ಚಕ್ರಗಳು, ಅವೇ ತಿರುಪುಗಳು. ಜೋಡಿಸುವ ಬಗೆ ಬದಲಾದಂತೆ ಬೇರೆ ಬೇರೆ ಆಟಿಕೆಗಳು ಸಿದ್ಧವಾಗುತ್ತಿದ್ದವು. ಪುಸ್ತಕದ ವಿಷಯವನ್ನೂ ಹೀಗೆ ಸಣ್ಣ ಬಿಡಿಭಾಗಗಳನ್ನು ಜೋಡಿಸಿ ಹೇಳಬಹುದಲ್ಲ ಎಂಬ ಹೊಳಹು ಅವರಿಗೆ ಸಿಕ್ಕಿದ್ದು ಅಲ್ಲಿ. ಪುಸ್ತಕಗಳನ್ನು ವಿಷಯವಾರು ವಿಂಗಡಿಸಲು ಅವರು ರೂಪಿಸಿ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದ ಬೀಜ ಒಂದು ಮಕ್ಕಳ ಆಟಿಕೆಯಲ್ಲಿತ್ತು. ಈ ಕಥೆಯನ್ನು ಹೊಸ ವಿದ್ಯಾರ್ಥಿಗಳ ಪರಿಚಯ ದಿನದಂದು ಹೇಳದೆ ನಾನು ಬಿಡುವುದಿಲ್ಲ. ಅಲ್ಲಿಯವರೆಗೆ ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆಯನ್ನು ಕಚೇರಿಯ ಮೊಹರಿನಂತೆ ನೋಡುತ್ತಿದ್ದವರು ಆಮೇಲೆ ಅದನ್ನು ಬಿಡಿಸಿ ಓದಲು ನೋಡುತ್ತಾರೆ.

ಪರಿಚಯ ದಿನದ ನಿಧಿ ಬೇಟೆಯೂ ಇದೇ ನಂಬಿಕೆಯ ಮೇಲೆ ನಿಂತಿದೆ. ನಮ್ಮಲ್ಲಿರುವುದು ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣ. ಮೆಲ್ವಿಲ್ ಡ್ಯೂಯಿ ಅದನ್ನು ರೂಪಿಸಿದ್ದೂ ಕಾಲೇಜು ಗ್ರಂಥಾಲಯದಲ್ಲೇ, ಆಮ್ಹರ್ಸ್ಟ್ ಕಾಲೇಜಿನಲ್ಲಿ. ಮೊದಲ ಆವೃತ್ತಿ 1876ರದು. ಬೇಟೆಯ ಮೊದಲ ಸುಳಿವು 398.6. ಅಲ್ಲಿಗೆ ಹೋದರೆ ಒಗಟುಗಳ ಪುಸ್ತಕ, ಅದರೊಳಗೊಂದು ಚೀಟಿ, ಚೀಟಿಯಲ್ಲೊಂದು ಒಗಟು. ಉತ್ತರ "ಬಾವಲಿ" ಎಂದು ಹೊಳೆದವರು 599.4ಕ್ಕೆ ಓಡಬೇಕು. ಅಲ್ಲಿಂದ ಬೆಕ್ಕು, 636.8. ಕಾಡಿನ ಪ್ರಾಣಿ 599ರಲ್ಲಿ, ಮನೆಯಲ್ಲಿ ಸಾಕಿದ ಪ್ರಾಣಿ 636ರಲ್ಲಿ ಏಕೆ ಎಂದು ಯಾರಾದರೂ ನಿಂತು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗಾಗಿಯೇ ನಾನು ಆ ಎರಡು ಸುಳಿವುಗಳನ್ನು ಹಿಂದೆಮುಂದೆ ಇಡುತ್ತೇನೆ. ಒಂದು ಪ್ರಾಣಿಶಾಸ್ತ್ರ, ಇನ್ನೊಂದು ಪಶುಪಾಲನೆ. ಒಂದೇ ಜೀವಿಯನ್ನು ಅರಿವಿನ ಎರಡು ಕಿಟಕಿಗಳಿಂದ ನೋಡಬಹುದೆಂಬ ಸಂಗತಿ ಅವರಿಗೆ ಓಡಾಟದ ನಡುವೆಯೇ ತಿಳಿದುಬಿಡುತ್ತದೆ. ಉಪನ್ಯಾಸ ಕೊಟ್ಟಿದ್ದರೆ ಅರ್ಧ ಜನ ಗಡಿಯಾರ ನೋಡುತ್ತಿದ್ದರು.

ಬಾವಲಿ ಎಂದಾಗ ಕೊಯಿಂಬ್ರಾ ನೆನಪಾಗುತ್ತದೆ. ಪೋರ್ಚುಗಲ್‌ನ ಕೊಯಿಂಬ್ರಾ ವಿಶ್ವವಿದ್ಯಾಲಯದ ಜೋನಿನಾ ಗ್ರಂಥಾಲಯ ಹದಿನೆಂಟನೆಯ ಶತಮಾನದ್ದು. ಅಲ್ಲಿ ಪುಟ್ಟ ಬಾವಲಿಗಳು ವಾಸವಾಗಿವೆ. ಕತ್ತಲಾದ ಮೇಲೆ ಹೊರಬಂದು, ಕಾಗದವನ್ನೂ ಮರವನ್ನೂ ತಿನ್ನುವ ಹುಳುಗಳನ್ನು ಹಿಡಿದು ತಿನ್ನುತ್ತವೆ. ಸಿಬ್ಬಂದಿ ಸಂಜೆ ಬಾಗಿಲು ಹಾಕುವ ಮುನ್ನ ಹಳೆಯ ಮೇಜುಗಳ ಮೇಲೆ ಚರ್ಮದ ಹೊದಿಕೆ ಹಾಸುತ್ತಾರೆ, ಬೆಳಿಗ್ಗೆ ಬಂದು ಹಿಕ್ಕೆ ಗುಡಿಸುತ್ತಾರೆ. ರಾತ್ರಿ ಪಾಳಿಯ ಈ ನೌಕರರ ಸುದ್ದಿಯನ್ನು ನಾನು ಹಾಳೆಯಲ್ಲಿ ಹಾಕಿದಾಗ, ನಮ್ಮಲ್ಲೂ ಬಾವಲಿ ಸಾಕಬಹುದೇ ಎಂದು ಪ್ರಶ್ನೆ ಪೆಟ್ಟಿಗೆಗೆ ಚೀಟಿಗಳು ಬಂದವು. ಉತ್ತರವಾಗಿ ಬೆಳ್ಳಿಮೀನು ಎಂಬ ರೆಕ್ಕೆಯಿಲ್ಲದ ಕೀಟ ಪುಸ್ತಕದ ಅಂಟನ್ನು ಹೇಗೆ ತಿನ್ನುತ್ತದೆ, ತೇವ ಕಡಿಮೆಯಿದ್ದರೆ ಅದು ಏಕೆ ಬದುಕಲಾರದು ಎಂದು ಬರೆದೆ. ಪುಸ್ತಕ ಸಂರಕ್ಷಣೆಯ ಬಗ್ಗೆ ಅಷ್ಟು ಜನ ಅಷ್ಟು ಗಮನವಿಟ್ಟು ಓದಿದ್ದನ್ನು ನಾನು ಬೇರೆಂದೂ ಕಂಡಿಲ್ಲ.

ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹತ್ತಿರದ ಪ್ರಾರ್ಥನಾ ಮಂದಿರದ ಕಪ್ಪು ಬಿಳುಪು ಬೆಕ್ಕೊಂದು ದಿನವೂ ಬಂದು ಮಲಗುತ್ತಿತ್ತು. ವಿದ್ಯಾರ್ಥಿಗಳು ಅದನ್ನು ಅಕ್ಕರೆಯಿಂದ ಗ್ರಂಥಾಲಯದ ಬೆಕ್ಕೆಂದೇ ಕರೆದರು. ಯೇಲ್ ಕಾನೂನು ಶಾಲೆಯ ಗ್ರಂಥಾಲಯ 2011ರಲ್ಲಿ ಪರೀಕ್ಷೆಯ ಒತ್ತಡ ತಗ್ಗಿಸಲೆಂದು ಮಾಂಟಿ ಎಂಬ ನಾಯಿಯನ್ನು ಪುಸ್ತಕದಂತೆ ಅರ್ಧ ಗಂಟೆಗೆ ಎರವಲು ಕೊಡುವ ಪ್ರಯೋಗ ಮಾಡಿತು. ಇವೆಲ್ಲ ಓದಲು ಹಿತವಾದ ಸುದ್ದಿಗಳು. ನನ್ನ ಮನಸ್ಸು ಮಾತ್ರ ಬಾವಲಿಗಳ ಕಡೆಗೇ ವಾಲುತ್ತದೆ. ಅವು ಪುಸ್ತಕಕ್ಕಾಗಿ ದುಡಿಯುತ್ತವೆ.

ಗ್ರಂಥಾಲಯಗಳಿಗೆ ಅಂಟಿಕೊಂಡ ದಂತಕಥೆಗಳದೇ ಒಂದು ಲೋಕ. ಹಾರ್ವರ್ಡ್‌ನ ವೈಡ್ನರ್ ಗ್ರಂಥಾಲಯ 1915ರಲ್ಲಿ ತೆರೆಯಿತು. ಹ್ಯಾರಿ ಎಲ್ಕಿನ್ಸ್ ವೈಡ್ನರ್ 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿ ತೀರಿಕೊಂಡ ಪುಸ್ತಕಪ್ರೇಮಿ ಯುವಕ. ಅವನ ತಾಯಿ ಮಗನ ನೆನಪಿಗೆ ಈ ಕಟ್ಟಡ ಕೊಟ್ಟರು. ಇಷ್ಟು ಇತಿಹಾಸ. ಇದರ ಮೇಲೆ ಬೆಳೆದ ಕಥೆ ಏನೆಂದರೆ, ಮಗನಂತೆ ಇನ್ನಾರೂ ಮುಳುಗಬಾರದೆಂದು ಹಾರ್ವರ್ಡ್‌ನ ಪ್ರತಿ ವಿದ್ಯಾರ್ಥಿಯೂ ಈಜು ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂದು ಆ ತಾಯಿ ಷರತ್ತು ಹಾಕಿದರಂತೆ. ಅಂಥ ಷರತ್ತು ಇರಲಿಲ್ಲ. ಆದರೂ ಕಥೆ ಉಳಿದಿದೆ, ಏಕೆಂದರೆ ಅದರಲ್ಲಿ ತಾಯಿಯ ಸಂಕಟ ಇದೆ.

ಮತ್ತೊಂದು ಕಥೆ ಹಲವಾರು ವಿಶ್ವವಿದ್ಯಾಲಯಗಳಲ್ಲಿ ಒಂದೇ ರೂಪದಲ್ಲಿ ಓಡಾಡುತ್ತದೆ: ಕಟ್ಟಡ ವಿನ್ಯಾಸ ಮಾಡಿದವರು ಪುಸ್ತಕಗಳ ತೂಕ ಲೆಕ್ಕ ಹಾಕಲು ಮರೆತರು, ಅದಕ್ಕೇ ಗ್ರಂಥಾಲಯ ವರ್ಷ ವರ್ಷವೂ ನೆಲದೊಳಗೆ ಕುಸಿಯುತ್ತಿದೆ. ನಮ್ಮ ವಿದ್ಯಾರ್ಥಿಗಳೂ ಇದನ್ನು ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಾರೆ. "ವದಂತಿ ಮತ್ತು ನಿಜ" ಎಂಬ ಅಂಕಣದಲ್ಲಿ ನಾನು ಲೆಕ್ಕ ಕೊಟ್ಟೆ. ಅಮೆರಿಕದ ಕಟ್ಟಡ ಮಾನದಂಡದಲ್ಲಿ ಕಚೇರಿಯ ನೆಲ ಪ್ರತಿ ಚದರ ಮೀಟರಿಗೆ ಸುಮಾರು 244 ಕಿಲೋ ಭಾರ ಹೊರುವಂತಿರಬೇಕು. ಪುಸ್ತಕದ ಕಪಾಟುಗಳು ಒತ್ತಾಗಿ ನಿಲ್ಲುವ ಕೋಣೆಗೆ ಅದು ಸುಮಾರು 732 ಕಿಲೋ, ಅಂದರೆ ಮೂರು ಪಟ್ಟು. ಎಂಜಿನಿಯರುಗಳು ಪುಸ್ತಕವನ್ನು ಮರೆತಿಲ್ಲ, ಎಲ್ಲರಿಗಿಂತ ಚೆನ್ನಾಗಿ ನೆನಪಿಟ್ಟಿದ್ದಾರೆ. ಅಂಕಣ ಓದಿದ ಸಿವಿಲ್ ವಿಭಾಗದ ಹುಡುಗರು ಅಳತೆಪಟ್ಟಿ ಹಿಡಿದು ಬಂದು, ಒಂದು ಕಪಾಟಿನ ಪುಸ್ತಕಗಳನ್ನು ತೂಗಲು ಅನುಮತಿ ಕೇಳಿದರು. ಕೊಟ್ಟೆವು. ಕಲಾ ಇತಿಹಾಸದ ಸಾಲು ಎಲ್ಲವನ್ನೂ ಸೋಲಿಸಿತು. ಹೊಳಪು ಕಾಗದ ಅಷ್ಟು ಭಾರ.

ಸುಳ್ಳು ಸುದ್ದಿಯನ್ನು ಮಾತ್ರ, ಏಪ್ರಿಲ್ ಒಂದರಂದು ಕೂಡ, ನಾನು ಫಲಕಕ್ಕೆ ಹಾಕುವುದಿಲ್ಲ. ಬ್ರಿಟಿಷ್ ಲೈಬ್ರರಿ 2012ರ ಆ ದಿನ, ಏಕಶೃಂಗಿಯ, ಅಂದರೆ ಕಥೆಗಳಲ್ಲಷ್ಟೇ ಇರುವ ಒಂಟಿಕೊಂಬಿನ ಕುದುರೆಯ, ಮಾಂಸ ಬೇಯಿಸುವ ವಿಧಾನವಿರುವ ಮಧ್ಯಯುಗದ ಹಸ್ತಪ್ರತಿ ಸಿಕ್ಕಿದೆಯೆಂದು ಚಿತ್ರಗಳ ಸಮೇತ ಪ್ರಕಟಿಸಿತ್ತು. ಬಹಳ ಸೊಗಸಾದ ಕೆಲಸ, ಹಸ್ತಪ್ರತಿಗಳನ್ನು ಒಳಗಿನಿಂದ ಬಲ್ಲವರು ಮಾತ್ರ ಮಾಡಬಹುದಾದದ್ದು. ಚಿತ್ರಗಳನ್ನು ನೋಡಿದವರಿಗೆ ಗುಟ್ಟು ತಿಳಿಯುವಂತೆಯೂ ಇತ್ತು. ಆದರೆ ಕಾಲೇಜು ಗ್ರಂಥಾಲಯದ ಫಲಕ ಬೇರೆ. ಫೋನಿನಲ್ಲಿ ಬಂದದ್ದು ನಿಜವೇ ಎಂದು ತಿಳಿಯಲು ಬರುವ ಜಾಗ ಇದು. ಇಲ್ಲಿ ಅಂಟಿಸಿದ್ದನ್ನು ಅನುಮಾನದಿಂದ ಓದುವ ಅಭ್ಯಾಸ ಒಮ್ಮೆ ಶುರುವಾದರೆ ಅದನ್ನು ಬಿಡಿಸುವುದು ಕಷ್ಟ. ಅಲ್ಲದೆ ನಿಜದಲ್ಲೇ ಬೇಕಾದಷ್ಟು ಸೋಜಿಗ ಇರುವಾಗ ಸುಳ್ಳಿನ ಅಗತ್ಯವಾದರೂ ಏನು? ಕೇಂಬ್ರಿಡ್ಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಿಂದ 1668ರ ಸುಮಾರಿಗೆ ಕರ್ನಲ್ ರಾಬರ್ಟ್ ವಾಲ್ಪೋಲ್ ಎಂಬಾತ ಪುಸ್ತಕವೊಂದನ್ನು ಎರವಲು ಪಡೆದ. ಮುಂದೆ ಬ್ರಿಟನ್ನಿನ ಮೊದಲ ಪ್ರಧಾನಿ ಎನಿಸಿದವನ ತಂದೆ ಆತ. ಪುಸ್ತಕ 288 ವರ್ಷಗಳ ಬಳಿಕ ಒಂದು ಜಮೀನ್ದಾರಿ ಮನೆತನದ ಸಂಗ್ರಹದಲ್ಲಿ ಇತಿಹಾಸಕಾರ ಜಾನ್ ಪ್ಲಮ್ ಅವರ ಕಣ್ಣಿಗೆ ಬಿದ್ದು ಕಾಲೇಜಿಗೆ ಮರಳಿತು. ದಂಡ ವಸೂಲಿ ಮಾಡಲಿಲ್ಲ.

ದಂಡದ ಮಾತು ಬಂದದ್ದರಿಂದ ಹೇಳುತ್ತೇನೆ. ಬಾಕಿದಾರರ ಹೆಸರುಗಳನ್ನು ಫಲಕದಲ್ಲಿ ಹಾಕಿ ಪಕ್ಕದಲ್ಲಿ ಕುಚೋದ್ಯದ ಸಾಲು ಬರೆಯುವುದನ್ನು ನಾನು ಬೇರೆ ಕಡೆ ನೋಡಿದ್ದೇನೆ. ಅದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಪುಸ್ತಕ ಹಿಂದಿರುಗಿಸದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಮಳೆಯಲ್ಲಿ ನೆನೆದು ಹಾಳಾದ ಪುಸ್ತಕವನ್ನು ತರಲು ಹೆದರಿ, ದಂಡ ಬೆಳೆಯುತ್ತ ಹೋದಂತೆ ಇನ್ನಷ್ಟು ಹೆದರಿ, ಕೊನೆಗೆ ಗ್ರಂಥಾಲಯದ ಕಡೆ ತಲೆ ಹಾಕುವುದನ್ನೇ ಬಿಟ್ಟವರಿದ್ದಾರೆ. ಅವರಿಗಾಗಿ ವರ್ಷಕ್ಕೊಮ್ಮೆ ದಂಡ ಮಾಫಿಯ ವಾರ ನಡೆಸುತ್ತೇವೆ. ಬಾಗಿಲ ಬಳಿ ಒಂದು ಪೆಟ್ಟಿಗೆ ಇಡುತ್ತೇವೆ, ಪ್ರಶ್ನೆ ಕೇಳುವವರು ಯಾರೂ ಅಲ್ಲಿರುವುದಿಲ್ಲ. ಮರಳಿ ಬಂದ ಪುಸ್ತಕಗಳಿಗೆ ಆ ವಾರದ ಹಾಳೆಯಲ್ಲಿ ಸ್ವಾಗತ ಬರೆಯುತ್ತೇನೆ. ಸ್ವಾಗತ ಪುಸ್ತಕಗಳ ಹೆಸರಿಗೆ ಮಾತ್ರ. ತಂದವರ ಹೆಸರು ನಮಗೂ ಬೇಡ.

ಕಾಗದ ಸುತ್ತಿದ ಪುಸ್ತಕಗಳ ಆಟ ಈಗ ಅನೇಕ ಕಡೆ ಇದೆ. ಮುಖಪುಟ ಕಾಣದಂತೆ ಮುಚ್ಚಿ, ಮೇಲೆ ನಾಲ್ಕು ಸಾಲು ಸುಳಿವು ಬರೆದು, ಓದುಗರು ಹೆಸರು ತಿಳಿಯದೆಯೇ ಒಯ್ಯುವುದು. ಬಾರ್‌ಕೋಡ್ ಮಾತ್ರ ಹೊರಗೆ ಕಾಣುವಂತೆ ಕಾಗದ ಕತ್ತರಿಸಬೇಕು, ಇಲ್ಲದಿದ್ದರೆ ಕೌಂಟರಿನಲ್ಲಿ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಆ ನಾಲ್ಕು ಸಾಲು ಬರೆಯುವುದು ನಾನು ಬಲ್ಲ ಕಷ್ಟದ ಬರವಣಿಗೆಗಳಲ್ಲೊಂದು. ಕಥೆ ಹೇಳಿಬಿಡಬಾರದು, ಹೊಗಳಬಾರದು, ಇದು ನನಗಲ್ಲ ಎನಿಸುವಂತೆಯೂ ಇರಬಾರದು. ಆದ್ದರಿಂದ ಪುಸ್ತಕವನ್ನು ಪೂರ್ತಿ ಓದದೆ ಸುಳಿವು ಬರೆಯುವುದಿಲ್ಲ ಎಂದು ನಮ್ಮೊಳಗೆ ಒಪ್ಪಂದ. ಇದರಿಂದ ಸಿಬ್ಬಂದಿಯೂ ಓದುವಂತಾಗಿದೆ. ಹೊಸ ಪುಸ್ತಕಕ್ಕೆ ಪರಿಗ್ರಹಣ ಸಂಖ್ಯೆ, ಅಂದರೆ ಸೇರ್ಪಡೆಯ ಕ್ರಮಸಂಖ್ಯೆ, ಬರೆದು ಮೊಹರು ಒತ್ತಿ ಪುಸ್ತಕ ಕಳುಹಿಸುವುದರಲ್ಲೇ ದಿನ ಕಳೆಯುವ ನಮಗೆ ಅದು ಸಣ್ಣ ಲಾಭವಲ್ಲ.

ಇಷ್ಟೆಲ್ಲ ಆಟದಿಂದ ಓದುವ ಕೊಠಡಿಯ ಶಾಂತಿ ಕೆಡುವುದಿಲ್ಲವೇ ಎಂದು ಹಿರಿಯ ಅಧ್ಯಾಪಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೌನವನ್ನು ನಾನೂ ಪ್ರೀತಿಸುತ್ತೇನೆ, ಅದನ್ನು ಕಾಯುವುದು ನನ್ನ ಕರ್ತವ್ಯ. ಮನೆಯಲ್ಲಿ ಒಂದು ಮೂಲೆಯೂ ಸಿಗದೆ ಓದಲು ಇಲ್ಲಿಗೆ ಬರುವ ವಿದ್ಯಾರ್ಥಿಗೆ ಆ ಮೌನವೇ ನಾವು ಕೊಡಬಹುದಾದ ದೊಡ್ಡ ಸೌಲಭ್ಯ. ಹಾಗಾಗಿ ನಮ್ಮ ಆಟಗಳಲ್ಲಿ ಹೆಚ್ಚಿನವು ಕಾಗದದ ಮೇಲೆಯೇ ನಡೆಯುತ್ತವೆ. ಬರೆಯುವುದು, ಓದುವುದು, ಅಂಟಿಸುವುದು, ಹುಡುಕುವುದು. ನಿಧಿ ಬೇಟೆಯಂಥ ಗಲಾಟೆಯ ಕೆಲಸವನ್ನು ತರಗತಿಗಳು ಆರಂಭವಾಗುವ ಮುನ್ನ ಮುಗಿಸುತ್ತೇವೆ. ಪರೀಕ್ಷೆಯ ದಿನಗಳಲ್ಲಿ ಹಾಳೆ ಚಿಕ್ಕದಾಗುತ್ತದೆ. ಯಾವ ಹೊತ್ತಿಗೆ ಯಾವ ಮೇಜಿಗೆ ಬಿಸಿಲು ಬೀಳುತ್ತದೆ, ಯಾವ ಫ್ಯಾನು ಸದ್ದು ಮಾಡುತ್ತದೆ, ಎಲ್ಲಿ ಚಾರ್ಜರ್ ಚುಚ್ಚಬಹುದು ಎಂಬುದಷ್ಟೇ ಅದರಲ್ಲಿ. ಅದು ಕೂಡ ತುಂಬ ಓದಿಸಿಕೊಳ್ಳುವ ಸುದ್ದಿ.

ಕಳೆದ ವಾರ ಪ್ರಶ್ನೆ ಪೆಟ್ಟಿಗೆಯಲ್ಲಿ ಬಂದ ಚೀಟಿಯೊಂದು ನಮ್ಮೆಲ್ಲರನ್ನೂ ಕೆಲಸಕ್ಕೆ ಹಚ್ಚಿದೆ: "ಇಲ್ಲಿಯವರೆಗೆ ಒಮ್ಮೆಯೂ ಯಾರೂ ಒಯ್ಯದ ಪುಸ್ತಕಗಳು ಯಾವುವು?" ಗಣಕದಿಂದ ಪಟ್ಟಿ ತೆಗೆದೆವು. ಉದ್ದವಾಗಿದೆ. ಗಣಕ ಬರುವ ಮೊದಲಿನ ದಾಖಲೆ ಅದರಲ್ಲಿಲ್ಲ. ಆದ್ದರಿಂದ ಪ್ರತಿ ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ ದಿನಾಂಕದ ಚೀಟಿಯನ್ನು ಕಪಾಟಿಗೆ ಹೋಗಿ ತೆರೆದು ನೋಡಬೇಕಿದೆ. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಆ ಸೂತ್ರವನ್ನು ಪರೀಕ್ಷೆಗೆ ಬರೆದು ತೇರ್ಗಡೆಯಾದವರು ನಾವೆಲ್ಲ. ಪಟ್ಟಿಯಲ್ಲಿ ಜೇನುಸಾಕಣೆ ಇದೆ, ಗಡಿಯಾರ ದುರಸ್ತಿ ಇದೆ, ಧ್ರುವ ಪ್ರದೇಶದ ಪಾಚಿಗಳಿವೆ, ಒಂದು ಇಡೀ ಸಾಲು ಅನುವಾದಿತ ನಾಟಕಗಳಿವೆ. ಅವಕ್ಕಾಗಿ ಬಾಗಿಲ ಎದುರಿನ ಮೇಜನ್ನು ಖಾಲಿ ಮಾಡಿದ್ದೇವೆ. ಮೊದಲು ಒಯ್ಯುವವರು ಪುಸ್ತಕ ಮರಳಿಸುವಾಗ, ಮುಂದಿನ ಓದುಗರಿಗೆಂದು ಎರಡು ಸಾಲು ಬರೆದು ಅದರೊಳಗಿಡಬೇಕು. ಹೆಸರು ಹಾಕುವುದು ಬಿಡುವುದು ಅವರವರ ಇಷ್ಟ.

ಕಾಲೇಜು ಗ್ರಂಥಾಲಯಗಳಲ್ಲಿ ಇಂಥ ಹಾಳೆ ಬರೆಯುವ ಗೆಳೆಯರಿಗೆ ನನ್ನದೊಂದು ಕೋರಿಕೆ ಇದೆ. ಹಳೆಯ ಹಾಳೆಗಳನ್ನು ಫಲಕದಿಂದ ಕಿತ್ತು ಎಸೆಯಬೇಡಿ. ಅಂಟು ಪಟ್ಟಿ ತೆಗೆದು, ಓದುಗರು ಅಂಚಿನಲ್ಲಿ ಬರೆದ ಮಾತುಗಳ ಸಮೇತ ಕಡತಕ್ಕೆ ಸೇರಿಸಿ. ಸ್ಟಾಕ್ ಪರಿಶೀಲನೆಯ ವರದಿ ಹೇಗೂ ಉಳಿಯುತ್ತದೆ. ಈ ವರ್ಷದ ವಿದ್ಯಾರ್ಥಿಗಳು ಒಂದು ಎಲೆಗಾಗಿ ಜಗಳವಾಡಿದರು, ಪುಸ್ತಕ ತೂಗಿದರು, ಬಾವಲಿ ಬೇಕೆಂದು ಅರ್ಜಿ ಹಾಕಿದರು ಎಂಬುದು ಬೇರೆಲ್ಲೂ ದಾಖಲಾಗುವುದಿಲ್ಲ. ಹಾಳೆಯ ಬಲ ಮೂಲೆಯಲ್ಲಿ ದಿನಾಂಕವನ್ನು ವರ್ಷದ ಸಮೇತ ಬರೆಯಿರಿ. ಶಾಯಿಯಲ್ಲೇ ಬರೆಯಿರಿ.